ನಡುಹಣೆಯಿಂದ ಸ್ವಲ್ಪ ಎಡಕ್ಕೆ

ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಅತ್ತೆಯನ್ನು ಮಂಡ್ಯದ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಬೆಳಗಿನ ಡ್ರೆಸ್ಸಿಂಗಿಗೆ ಬರುತ್ತಿದ್ದ ನರ್ಸ್ ಮೂವತ್ತರ ಆಸುಪಾಸಿನವಳು. ತಿಳಿನೀಲಿ ಕುರ್ತಾ, ಪ್ಯಾಂಟು. ಬಳೆ, ಉಂಗುರ, ಸರ ಏನೂ ಇಲ್ಲ. ಆ ಕೆಲಸಕ್ಕೆ ಅವು ಅಡ್ಡಿ. ಹಣೆಯಲ್ಲಿ ಮಾತ್ರ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು. ಅದು ಒಂದು ದಿನ ನಡುವಿನಿಂದ ಎಡಕ್ಕಿರುತ್ತಿತ್ತು, ಇನ್ನೊಂದು ದಿನ ಮೇಲಕ್ಕೆ. ಕನ್ನಡಿ ನೋಡಲು ಹೊತ್ತೆಲ್ಲಿ, ಪಾಪ, ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಬಟ್ಟೆಬರೆ ತರಲು ಮದ್ದೂರಿಗೆ ಹೊರಟಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕುಳಿತಳು. ಕುಳಿತವಳೇ ಬೊಟ್ಟನ್ನು ಉಗುರಿನಿಂದ ಎತ್ತಿ, ಕೊರಳಲ್ಲಿದ್ದ ಐಡಿ ಕಾರ್ಡಿನ ಹಿಂಬದಿಗೆ ಅಂಟಿಸಿ ಬ್ಯಾಗಿಗೆ ಹಾಕಿದಳು. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. ಗಂಡ ತೀರಿಹೋಗಿ ಎರಡು ವರ್ಷವಾಯಿತೆಂದೂ, ಮಳವಳ್ಳಿ ಕಡೆ ಅತ್ತೆ ಮಾವನ ಜೊತೆಯಲ್ಲೇ ಇದ್ದೇನೆಂದೂ ಮೆಲ್ಲಗೆ ಹೇಳಿದಳು.

“ಮನೇಲಿ ಇಟ್ಕೊಂಡ್ರೆ ಅವರು ಒಪ್ಪಲ್ಲ ಅಕ್ಕ. ಇಲ್ಲಿ ಇಟ್ಕೊಳ್ದೇ ಇದ್ರೆ ಪೇಷೆಂಟ್ ಕಡೆಯೋರು ಒಪ್ಪಲ್ಲ.”

ಬರಿ ಹಣೆಯಲ್ಲಿ ಕೆಲಸಕ್ಕೆ ಬಂದ ಹೊಸತರಲ್ಲಿ, ಬೆಳಿಗ್ಗೆ ಎದ್ದು ಇಂಥ ಮುಖ ನೋಡಬೇಕಾ ಎಂದು ಯಾರೋ ಬೇರೆ ನರ್ಸನ್ನು ಕಳಿಸಿ ಎಂದಿದ್ದರಂತೆ. ಅಂದಿನಿಂದ ಆಸ್ಪತ್ರೆಯ ಗೇಟಿನ ಹತ್ತಿರ, ಕನ್ನಡಿಯಿಲ್ಲದೆ, ಈ ಬೊಟ್ಟು.

“ಮೊದ್ಲು ಅವರಿಗೋಸ್ಕರ ಇಟ್ಟೆ. ಈಗ ನಂಗೇ ಬೇಕು ಅನ್ಸುತ್ತೆ. ಗಂಡ ಇಲ್ದೋಳು ಅಂತ ಆಸ್ಪತ್ರೇಲಿ ಗೊತ್ತಾದ್ರೆ ಇದೂ ಓಯ್ತದೆ.”

ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳ ಹಣೆಯೂ ಬರಿದೇ ಇರುತ್ತಿತ್ತು. ಬೆಳಿಗ್ಗೆ ಅವರ ಮುಖ ನೋಡಿಕೊಂಡೇ ನಾವು ಒಳಗೆ ಹೋಗುತ್ತಿದ್ದೆವು. ಯಾರಿಗೂ ಏನೂ ಅನ್ನಿಸಿರಲಿಲ್ಲ.

ಬಸ್ಸಿನಲ್ಲಿ ಕೇಳಿದ್ದನ್ನು ಅತ್ತೆಗೆ ಹೇಳಲಿಲ್ಲ. ಮಾವ ತೀರಿಕೊಂಡಂದಿನಿಂದ ಅತ್ತೆ ಕುಂಕುಮದ ಬಟ್ಟಲನ್ನು ಮುಟ್ಟಿದವರಲ್ಲ. ಮನೆಗೆ ಬಂದ ಹೆಂಗಸರಿಗೆ ಕುಂಕುಮ ಕೊಡಲು ನನ್ನನ್ನು ಕೂಗಿ, ತಾವು ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದರು.

ಪಕ್ಕದ ಮಂಚದಲ್ಲಿ ಮಗಳನ್ನು ಆಪರೇಷನ್ನಿಗೆ ಸೇರಿಸಿದ್ದ ತಾಯಿಯೊಬ್ಬಳಿದ್ದಳು. ಬಾಯಿ ಜೋರು. ಇಂಜೆಕ್ಷನ್ ಕೊಡಲು ಈ ನರ್ಸೇ ಬೇಕು ಆಕೆಗೆ. “ನೀನಾದ್ರೆ ಲಕ್ಸಣವಾಗಿದ್ದೀಯ ಕಣವ್ವ. ನೆನ್ನೆ ಬಂದೋಳು ಬೊಟ್ಟಿಲ್ದೆ ಸುಣ್ಣ ಬಳ್ದ ಗೋಡೆ ಇದ್ದಂಗಿದ್ಲು,” ಎನ್ನುತ್ತಿದ್ದಳು. ನರ್ಸ್ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕರೆಂಟಿರಲಿಲ್ಲ, ಸೆಕೆ. ಅತ್ತೆಯ ಕಾಲಿನ ಮೇಲೆ ಬಗ್ಗಿದ್ದವಳ ಬೊಟ್ಟು ಬೆವರಿಗೆ ಕಳಚಿ ಹಾಸಿಗೆಯ ಮೇಲೆ ಬಿತ್ತು. ಹುಣ್ಣು ಮುಟ್ಟಿದ ಗ್ಲೌಸಿನ ಕೈ, ಎತ್ತಿಕೊಳ್ಳುವಂತಿರಲಿಲ್ಲ. ಪಕ್ಕದಾಕೆ ಕತ್ತು ಚಾಚಿ ನೋಡಿದಳು.

“ಬೊಟ್ಟು ಬಿತ್ತಲ್ಲವ್ವ. ತಾಳಿನೂ ಕಾಣೆ, ಕತ್ತೂ ಖಾಲಿ ಇದ್ದಂಗದೆ?”

ಹತ್ತಿ ಹಿಡಿದ ನರ್ಸಿನ ಕೈ ಅಲ್ಲೇ ನಿಂತಿತು. ನಾನು ಏಳುವಷ್ಟರಲ್ಲಿ ಅತ್ತೆ ಬೆರಳ ತುದಿಯಿಂದ ಬೊಟ್ಟನ್ನು ಎತ್ತಿಕೊಂಡಿದ್ದರು.

“ತಾಳಿ ಇಳಿಬುಟ್ಕೊಂಡು ಉಣ್ಣು ತೊಳೀತಾರೇನಮ್ಮಿ? ಸುಮ್ಕಿರು,” ಎಂದು ಆಕೆಗೆ ಹೇಳಿ, ನರ್ಸಿನ ಕಡೆ ತಿರುಗಿದರು. “ಬಗ್ಗವ್ವ.”

ನಡುಹಣೆಗೆ ಇಟ್ಟು, ಒಂದು ಗಳಿಗೆ ಒತ್ತಿ ಹಿಡಿದರು. ಯಾರಿಗೂ ಕುಂಕುಮ ಇಡದ ಕೈ ಅದು. ಪಕ್ಕದಾಕೆ ಅತ್ತೆಯ ಬರಿ ಹಣೆಯನ್ನು ನೋಡಿದಳು. ಆಮೇಲೆ ತಿರುಗಿ ಮಗಳ ಹೊದಿಕೆ ಸರಿಮಾಡಿದಳು.

ಸಂಜೆ, ಅವಳಿಗೆ ಗಂಡನಿಲ್ಲವೆಂಬುದು ನಿಮಗೆ ಹೇಗೆ ಗೊತ್ತಾಯಿತೆಂದು ಅತ್ತೆಯನ್ನು ಕೇಳಿದೆ.

“ಮನೇಲಿ ದಿನಾ ಇಡೋಳಿಗೆ ಜಾಗ ಬೆರಳಿಗೇ ಗೊತ್ತಿರ್ತದೆ ಕಣಮ್ಮ. ಇವಳ್ದು ದಿನಕ್ಕೊಂದು ಕಡೆ ಓಡಾಡ್ತಿತ್ತು.”

ಮರುದಿನ ಬೊಟ್ಟು ಮತ್ತೆ ಸ್ವಲ್ಪ ಎಡಕ್ಕಿತ್ತು. ಕಾಲು ಚಾಚುವ ಮೊದಲು ಅತ್ತೆ ಬೆರಳಾಡಿಸಿ ಅವಳನ್ನು ಹತ್ತಿರ ಕರೆದರು. ಗ್ಲೌಸು ಹಾಕಿಕೊಳ್ಳುತ್ತಿದ್ದವಳು ನಿಲ್ಲಿಸಿ, ಬಗ್ಗಿದಳು.