ಗುಳ್ಳೆಯಕ್ಕನ ಚೌಕ
ಮಕ್ಕಳು ಎಲ್ಲವನ್ನೂ ಮುಟ್ಟಿ ಆಡುವ ನಮ್ಮ ಮ್ಯೂಸಿಯಂನಲ್ಲಿ ಸೋಪುನೀರಿನ ತೊಟ್ಟಿ ನೋಡಿಕೊಳ್ಳುವವಳಿಗೆ ಗುಳ್ಳೆಯಕ್ಕ ಎಂದೇ ಹೆಸರು. ತಂತಿ ಬಾಗಿಸಿ ತ್ರಿಕೋನ, ಚೌಕ, ನಕ್ಷತ್ರ ಮಾಡಿಕೊಡುತ್ತಾಳೆ. ಮಕ್ಕಳು ಅದ್ದಿ ಊದಿದರೆ ಗುಳ್ಳೆಯ ಮೈತುಂಬ ಬಣ್ಣ ಹರಿದಾಡುತ್ತದೆ. "ಅಕ್ಕಾ, ಚೌಕದಿಂದ ಊದಿದ್ರೂ ಯಾಕೆ ಗುಂಡಗೇ ಬರುತ್ತೆ?" ಎಂದರೆ, "ನಿಂಗೇನನ್ಸುತ್ತೆ?" ಎನ್ನುತ್ತಾಳೆ, ಅಷ್ಟೇ. ಉತ್ತರ ಹೇಳಲು ಬಾಯಿ ತೆರೆದ ಅಪ್ಪಂದಿರನ್ನು ಕಣ್ಣಲ್ಲೇ ಗದರಿಸುತ್ತಾಳೆ. ಶೌಚಾಲಯ ಎಲ್ಲಿ ಎಂದು ಅವಸರದಲ್ಲಿ ಬಂದವರಿಗೂ "ಎಲ್ಲಿರಬಹುದು ಹೇಳಿ?" ಎಂದ ಮಹಾತಾಯಿ! ಅಡುಗೆಗೆ ಉಪ್ಪು ಹಾಕಿದ್ದೀಯಾ ಎಂದು ಕೇಳಿ ಕೇಳಿ ಸುಸ್ತಾದ ಗಂಡ ಈಗೀಗ ಅಡುಗೆಯನ್ನು ತಾನೇ ಮಾಡುತ್ತಾನಂತೆ. ಎಲ್ಲ ಗೊತ್ತಿದ್ದೂ ಸತಾಯಿಸುತ್ತಾಳೆ ಎಂದು ಟಿಕೆಟ್ ಕೊಡುವ ನಾನು ನಂಬಿದ್ದೆ. ಮೊನ್ನೆ ಬೆಳಿಗ್ಗೆ ಬೇಗ ಬಂದವನು ಗಾಜಿನ ಬಾಗಿಲಲ್ಲಿ ಇಣುಕಿದರೆ, ಒಳಗೆ ಅವಳೊಬ್ಬಳೇ. ಆಗಷ್ಟೇ ಬಾಗಿಸಿದ ಚೌಕವನ್ನು ಅದ್ದಿ, ಅತ್ತಿತ್ತ ನೋಡಿ, ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಊದಿದಳು. ಗುಳ್ಳೆ ಚೆಂಡಿನಂತೆ ತೇಲಿತು. "ಇವತ್ತೂ ಹಠ ಬಿಡಲಿಲ್ಲ ನೀನು!" ಎಂದು ಅದನ್ನೇ ಬೈಯುತ್ತ, ಅದು ಒಡೆಯುವವರೆಗೂ ಅದರ ಹಿಂದೆ ಕುಣಿಯುತ್ತ ಓಡಿದಳು. ನಾನು ಬಾಗಿಲು ತಳ್ಳಿ, "ನಾಳೆಯಾದ್ರೂ ಚೌಕದ ಗುಳ್ಳೆ ಬರುತ್ತಾ ಅಕ್ಕಾ?" ಎಂದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಂದ ನೇರವಾದ ಉತ್ತರ ಬಂತು: "ಬರದೇ ಎಲ್ಲಿ ಹೋಗುತ್ತೆ!"