ಬ್ರೇಕಿಲ್ಲದ ಬಂಡಿ ಕಲಿಸಿದವರು

ಬಿಳಿ ಧೋತರ, ಬಿಳಿ ಟೊಪ್ಪಿಗೆ, ನಡುವೆ ಎದೆಯ ತುಂಬ ಉರಿಯುವ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಸುಭೇದಾರರನ್ನು ನಾನು ಮೊದಲ ಸಲ ನೋಡಿದ್ದು ಹೀಗೆ. ಅದೂ ನೀರಿನ ಮೇಲಲ್ಲ, ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ. ಎಲ್ಲ ಬಕಲ್‌ಗಳನ್ನೂ ಬಿಗಿದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಬೆಂಚಿನ ಮೇಲೆ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದರು. ಕಂಡಕ್ಟರನಿಗೆ ತಡೆಯಲಾಗಲಿಲ್ಲ.

"ಅಜ್ಜಾರ, ನಮ್ಮ ಬಸ್ಸು ಮುಳಗತೈತೇನ್ರಿ?"

"ನಿನ್ನ ಬಸ್ಸಿನ ಬಗ್ಗೆ ನನಗ ಖಾತ್ರಿ ಇಲ್ಲಪಾ," ಅಂದು ಇನ್ನೊಂದು ಶೇಂಗಾ ಬಾಯಿಗೆ ಹಾಕಿಕೊಂಡರು.

ಯಾರೋ ತಲೆ ತಿರುಗಿದ ಮುದುಕ ಅಂದುಕೊಂಡು ನಾನು ಬಸ್ಸು ಹತ್ತಿದೆ. ಮರುವಾರ ಅದೇ ಮುದುಕರು ನಮ್ಮೂರ ಹೊಳೆಯ ದಂಡೆಯ ಮೇಲೆ ನಿಂತಿದ್ದರು, ನಮಗೆ ಬೋಟು ನಡೆಸುವುದನ್ನು ಕಲಿಸಲು.

ಅವರು ಕೊಗನೊಳ್ಳಿ ಕಡೆಯವರು. ಸೇನೆಯಲ್ಲಿ ದೋಣಿ ನಡೆಸುವ, ತೇಲುವ ಸೇತುವೆ ಕಟ್ಟುವ ತುಕಡಿಯಲ್ಲಿದ್ದು ಸುಭೇದಾರರಾಗಿ ನಿವೃತ್ತರಾದವರು. ನಮ್ಮೂರು ರಾಯಬಾಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಕೆಳಗೆ ಬ್ಯಾರೇಜು ಇರುವುದರಿಂದ ನಮ್ಮ ಕಡೆ ಹೊಳೆ ಅಗಲವಾಗಿ ನಿಲ್ಲುತ್ತದೆ. ರವಿವಾರಕ್ಕೊಮ್ಮೆ ಮಂದಿ ಬಂದು ನೀರಿನ ಮೇಲೆ ಸುತ್ತಾಡಿ ಹೋಗಲಿ ಎಂದು ಊರಿನ ಮಂಡಳಿಯೊಂದು ಎರಡು ಮೋಟರ್ ಬೋಟು ತಂದಿತ್ತು. ಬೋಟು ಬಂದವು, ನಡೆಸುವವರು ಇರಲಿಲ್ಲ. ಅದಕ್ಕೇ ಸುಭೇದಾರರನ್ನು ಕರೆಸಿದ್ದರು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಅಪ್ಪ ಎಮ್ಮೆ ಮೇಯಿಸಿದವನು, ಅವ್ವ ಹಾಲು ಮಾರಿದವಳು. ನಾನು ದಿನಾ ಬಸ್ಸಿನಲ್ಲಿ ನಿಂತೇ ಚಿಕ್ಕೋಡಿಗೆ ಓಡಾಡಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಅದು ಮೊದಲ ಡಿಗ್ರಿ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ಯಾರೂ ಕೇಳದಿದ್ದರೂ. ನನಗೆ ಬೋಟಿನ ಕೆಲಸ ಬೇಕಿತ್ತು. ತಿಕೀಟು ಹರಿಯುವ ಕೆಲಸವಲ್ಲ, ನಡೆಸುವ ಕೆಲಸ. ಹುಟ್ಟಿದಾಗಿನಿಂದ ದಂಡೆಯ ಮೇಲೆ ನಿಂತು ನೋಡಿದ ಹೊಳೆಯನ್ನು ಅದರ ನಡುವಿನಿಂದ ನೋಡಬೇಕೆಂಬ ಆಸೆ ಅದು.

ಮಂಡಳಿಯ ಚೇರಮನ್ನರು ನನ್ನನ್ನು ನೋಡಿ ನಕ್ಕರು. "ತಂಗಿ, ನೀ ಓದಿದಾಕಿ. ನೆರಳಾಗ ಕುಂತು ತಿಕೀಟ ಕೊಡು. ಸ್ಟೇರಿಂಗ್ ಗಂಡಸರಿಗಿರಲಿ."

ಸುಭೇದಾರರು ನಡುವೆ ಬಾಯಿ ಹಾಕಿದರು. "ಚೇರಮನ್ರ, ಹೊಳಿ ಗಂಡೋ ಹೆಣ್ಣೋ ಅಂತ ಕೇಳಿ ಯಾರನ್ನೂ ಮುಳುಗಸೂದಿಲ್ಲ. ಕಲೀಲಿ ಅಕಿನೂ. ನನ್ನ ಪರೀಕ್ಷಾದಾಗ ಪಾಸಾದವರ ಕೈಗೆ ಬೋಟು. ನಪಾಸಾದ್ರ ನಿಮ್ಮ ನೆರಳು ಎಲ್ಲಿ ಹೋಗತೈತಿ?"

ಹಾಗೆ ನಾನು ಸೇರಿದೆ. ಉಳಿದವರೆಲ್ಲ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗರು. ಸಕ್ಕರೆ ಫ್ಯಾಕ್ಟರಿಯ ಹಂಗಾಮು ಮುಗಿದಿತ್ತು, ಕೈ ಖಾಲಿ ಇದ್ದವು.

ಬೋಟು ಮುಟ್ಟಿಸುತ್ತಾರೆಂದು ಕಾದೆವು. ಅವರು ಶಾಲೆಯ ಮೈದಾನಕ್ಕೆ ಕರೆದೊಯ್ದರು. ಮನೆಯಿಂದ ಗುಂಡಗಿರುವುದು ಏನಾದರೂ ತನ್ನಿ ಅಂದಿದ್ದರು. ಒಬ್ಬ ಪರಾತ ತಂದ, ಒಬ್ಬ ಸೈಕಲ್ಲಿನ ಟಾಯರು, ನಾನು ಜರಡಿ. ಅದೇ ಸ್ಟೇರಿಂಗ್, ನಾವೇ ಬೋಟು. ಸುಣ್ಣದಿಂದ ಎರಡು ಗೆರೆ ಎಳೆದು ಹೊಳೆ ಮಾಡಿದರು.

"ಎದುರಾಎದುರು ಬಂದ್ರ ಇಬ್ಬರೂ ತಂತಮ್ಮ ಬಲಕ್ಕ ಹೊಳ್ಳಬೇಕು. ರಸ್ತೆ ಮ್ಯಾಲಿನ ಎಡಾ ಇಲ್ಲೆ ಮರೀರಿ!"

ಟ್ರ್ಯಾಕ್ಟರಿನ ಹುಡುಗರಿಗೆ ಅದು ಮರೆಯಲೊಲ್ಲದು. ಪರಾತ ಎಡಕ್ಕೆ, ಟಾಯರು ಬಲಕ್ಕೆ, ಢಣ್ಣೆಂದು ಡಿಕ್ಕಿ. ಹಾರ್ನಿಗೂ ಪಾಠ ಇತ್ತು. ಒಂದು ಸಲ ಊದಿದರೆ 'ನಾ ಬಲಕ್ಕ ಹೊಂಟೇನಿ', ಎರಡು ಸಲ ಅಂದರೆ ಎಡಕ್ಕೆ, ಮೂರು ಸಲ ಅಂದರೆ ಹಿಂದಕ್ಕೆ. ಮೀನುಗಾರರ ಯಂತ್ರವಿಲ್ಲದ ತೆಪ್ಪ ಬೋಟಿಗೆ ಅಡ್ಡ ಬಂದರೆ ನಾವೇ ಸರಿಯಬೇಕು. ಇದನ್ನೆಲ್ಲ ಬಾಯಿಂದ ಪೋಂ ಪೋಂ ಅನ್ನುತ್ತ ಮಾಡಬೇಕು. ಊರೇ ಕಾಂಪೌಂಡಿನ ಮೇಲೆ ಕೂತು ನೋಡುತ್ತಿತ್ತು.

"ಏನ್ ಬೇ, ಡಿಗ್ರಿ ಮಾಡಿ ಜರಡಿ ಹಿಡದೀ?" ಎಂದು ನಮ್ಮ ಓಣಿಯ ದೊಡ್ಡಮ್ಮ ಕೂಗಿದಳು.

ನಾನು ಏನೂ ಹೇಳುವ ಮೊದಲೇ ಸುಭೇದಾರರು, "ತಾಯಿ, ನೀವೂ ಬರ್ರಿ. ಒಂದು ಬೋಟು ಕಡಿಮಿ ಬಿದ್ದೈತಿ," ಅಂದರು. ದೊಡ್ಡಮ್ಮ ನಿಜವಾಗಿಯೂ ಇಳಿದು ಬಂದಳು. ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿದ್ದ ಮೊರವನ್ನೇ ಸ್ಟೇರಿಂಗಿನಂತೆ ಹಿಡಿದು, ಮೂರು ಸಲ ಪೋಂ ಅಂದು ಹಿಂದಕ್ಕೆ ನಡೆದಳು. ಆ ಸಂಜೆ ನಕ್ಕಷ್ಟು ನಮ್ಮೂರು ಅದಕ್ಕೂ ಮೊದಲು ನಕ್ಕಿದ್ದು ನನಗೆ ನೆನಪಿಲ್ಲ.

ಜಾಕೆಟ್ಟನ್ನು ಅವರು ಸಂತೆಗೂ ಹಾಕಿಕೊಂಡು ಹೋಗುತ್ತಿದ್ದರು, ಮದುವೆಗೂ. ಯಾಕೆಂದು ಕೇಳಿದಾಗ, "ಇದನ್ನ ಹಾಕ್ಕೊಳ್ಳಾಕ ಮಂದಿ ನಾಚತಾರವ್ವಾ. ಮೊದಲ ನನ್ನ ನಾಚಿಕಿ ಹೋಗಬೇಕು, ಆಮ್ಯಾಲ ಅವರದು," ಅಂದಿದ್ದರು. ಜಾಕೆಟ್ಟಿನ ಬಣ್ಣ ನೋಡಿ ಹುಡುಗರು ಅವರಿಗೆ ಗಜ್ಜರಿ ಅಜ್ಜ, ಅಂದರೆ ಕ್ಯಾರೆಟ್ ಅಜ್ಜ, ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದ ದಿನ ಹುಡುಗರನ್ನು ನಿಲ್ಲಿಸಿ, ಕಾಯಿಪಲ್ಲೆಯವಳ ಬುಟ್ಟಿಯಿಂದ ಒಂದು ಗಜ್ಜರಿ ತೆಗೆದು ಬಕೆಟ್ಟಿನ ನೀರಿಗೆ ಹಾಕಿದರು. ಅದು ತಳ ಮುಟ್ಟಿತು. "ನೋಡ್ರಿ. ಗಜ್ಜರಿ ಮುಳಗತೈತಿ, ನಾ ತೇಲತೇನಿ. ಬ್ಯಾರೆ ಹೆಸರ ಇಡ್ರಿ."

ಕೊನೆಗೆ ನೀರಿಗೆ ಇಳಿದೆವು. ಮೊದಲು ಸ್ಟೇರಿಂಗ್ ಹಿಡಿದವನು ದಂಡೆ ಹತ್ತಿರ ಬರುತ್ತಿದ್ದಂತೆ ಕಾಲಿನಿಂದ ಬೋಟಿನ ತಳವನ್ನು ತುಳಿಯತೊಡಗಿದ.

"ಏನ್ ಹುಡಕಾಕತ್ತೀಯೋ ಕಾಲಿಲೆ?"

"ಬ್ರೇಕ್ರೀ ಸರ!"

"ಸಿಕ್ಕರ ನನಗೂ ಹೇಳಪಾ. ನೌಕರಿಗೆ ಸೇರಿದಾಗಿಂದ ನಾನೂ ಹುಡಕಾಕತ್ತೇನಿ."

ಬೋಟು ಹೋಗಿ ನಮ್ಮ ಅಪ್ಪನ ಎಮ್ಮೆಗಳ ನಡುವೆ ಕೆಸರಿನಲ್ಲಿ ಕೂತಿತು. ಎಮ್ಮೆಗಳು ಸ್ವಲ್ಪ ಸರಿದು ಜಾಗ ಕೊಟ್ಟವು. ಅಲ್ಲೇ, ಕೆಸರಿನಲ್ಲೇ, ಸುಭೇದಾರರ ಪಾಠ ಶುರುವಾಯಿತು. ಇದು ಬ್ರೇಕಿಲ್ಲದ ಬಂಡಿ. ನಿಲ್ಲಬೇಕಾದರೆ ನಿಲ್ಲುವ ಜಾಗಕ್ಕಿಂತ ಬಹಳ ಮೊದಲೇ ವಿಚಾರ ಮಾಡಬೇಕು. ದಂಡೆಗೆ ಹಚ್ಚುವಾಗ ಹರಿವಿಗೆ ಎದುರು ಮುಖ ಮಾಡಬೇಕು, ಆಗ ಹೊಳೆಯೇ ಬೋಟನ್ನು ಹಿಡಿದು ನಿಲ್ಲಿಸುತ್ತದೆ. ಬೋಟಿನ ಕೀಲಿಗೆ ಒಂದು ಕೆಂಪು ಹಗ್ಗ ಇರುತ್ತದೆ. ಅದರ ಇನ್ನೊಂದು ತುದಿ ನಡೆಸುವವರ ಮುಂಗೈಯಲ್ಲಿರಬೇಕು. ನಡೆಸುವವರು ನೀರಿಗೆ ಬಿದ್ದರೆ ಹಗ್ಗ ಕಿತ್ತು ಯಂತ್ರ ತಾನೇ ಬಂದ್ ಆಗುತ್ತದೆ.

ನೀರನ್ನು ಓದುವುದನ್ನೂ ಕಲಿಸಿದರು. ಹೊಳೆ ತಿರುಗುವಲ್ಲಿ ಹೊರಗಿನ ದಂಡೆಗೆ ಆಳ, ಒಳಗಿನ ದಂಡೆಗೆ ಉಸುಕು. ಪಂಪ್‌ಸೆಟ್ಟಿನ ಪೈಪು ನೀರಿಗಿಳಿದ ಕಡೆ ದೂರದಿಂದ ಹೋಗಬೇಕು, ಕೆಳಗೆ ಏನಿದೆಯೋ ಕಾಣುವುದಿಲ್ಲ. ತೇಲುವ ಖಾಲಿ ಬಾಟಲಿಗಳ ಸಾಲು ಅಂದರೆ ಬಲೆ. ನಾನೂ ಒಂದು ಹೇಳಿದೆ: ಎಮ್ಮೆಯ ತಲೆ ನೀರಿನ ಮೇಲೆ ಅಲ್ಲಾಡದೆ ಇದ್ದರೆ ಅದರ ಕಾಲು ನೆಲಕ್ಕೆ ತಾಗಿದೆ, ತಲೆಯ ಹಿಂದೆ ಗೆರೆ ಎದ್ದರೆ ಈಜುತ್ತಿದೆ, ಅಲ್ಲಿ ಆಳ. ಸುಭೇದಾರರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಇದು ನಮ್ಮ ಪಲ್ಟಣದಾಗ ಯಾರೂ ಹೇಳಿದ್ದಿಲ್ಲ. ಬರೋಬರ್ ಐತಿ." ಆ ದಿನ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಎಮ್ಮೆಗಳಿಗೆ ಹೇಳಿದ.

ಪರೀಕ್ಷೆಯ ದಿನ ಬಂತು. ಪ್ರಯಾಣಿಕರಾಗಿ ಯಾರೋ ಹೊರಗಿನವರು ಬರುತ್ತಾರೆ ಅಂದುಕೊಂಡಿದ್ದೆವು. ಸುಭೇದಾರರು ಪ್ರತಿಯೊಬ್ಬರ ಬೋಟಿಗೆ ಅವರವರ ಮನೆಯವರನ್ನೇ ಕರೆಸಿದ್ದರು. "ಹೊರಗಿನವರು ಹೇಳಿದ್ದು ಕೇಳತಾರ. ಮನಿಯವರು ಕೇಳಂಗಿಲ್ಲ. ಅವರನ್ನ ಕುಂಡರಿಸಿ ತೋರಸ್ರಿ."

ನನಗಿಂತ ಮೊದಲು ಹೋದವನು ಬೋಟನ್ನು ಬೆಣ್ಣೆಯ ಹಾಗೆ ನಡೆಸಿದ. ಆದರೆ ಅವನ ಹೆಂಡತಿಯ ತಂದೆ ಪೆಟ್ರೋಲ್ ಟಾಕಿಯ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದರು. ಮಾವನಿಗೆ ಬೀಡಿ ಆರಿಸಿ ಅನ್ನುವುದು ಹೇಗೆ? ಹುಡುಗ ಬೆವರಿದ, ಕೆಮ್ಮಿದ, ಮುಖ ಆ ಕಡೆ ಮಾಡಿದ. ಸುಭೇದಾರರೇ ಬೀಡಿ ಕಿತ್ತು ನೀರಿಗೆ ಎಸೆದು, ಅವನನ್ನು ನಪಾಸು ಮಾಡಿದರು. "ಮಾವಗ ಅಂಜಿ ಬೋಟಿಗೆ ಬೆಂಕಿ ಹಚ್ಚತಿದ್ದೀಯಲ್ಲೋ!"

ಆಮೇಲೆ ನನ್ನ ಸರದಿ. ಅವ್ವ, ದೊಡ್ಡಮ್ಮ, ಓಣಿಯ ಹೆಣ್ಣುಮಕ್ಕಳು, ಎಲ್ಲರೂ ಇಳಕಲ್ ಸೀರೆ ಉಟ್ಟು, ಹೊಳೆಗೆ ಉಡಿ ತುಂಬಲು ಖಣ, ಕುಬಸ, ಹೂವು, ಅಕ್ಕಿ ಹಿಡಿದು ಬಂದಿದ್ದರು. ನಮ್ಮ ಕಡೆ ಹೆಂಗಸರು ಹೊಳೆಯನ್ನು ಬರಿಗೈಯಲ್ಲಿ ದಾಟುವುದಿಲ್ಲ. ಚೇರಮನ್ನರು ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡಿದ್ದರು. ಸುಭೇದಾರರು ಬೋಟಿನ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು.

"ಇದ ಹಾಕ್ಕೊಂಡ್ರ ಸೀರಿ ಕಾಣೂದಿಲ್ಲ," ಎಂದು ಅವ್ವ ಜಾಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಹಾಕ್ಕೊಳ್ಳದಿದ್ರ ಬೋಟು ಬಿಡಂಗಿಲ್ಲವ್ವಾ."

"ನಿನ್ನ ಓದಿಸಿದ್ದು ನನಗ ಹೇಳಾಕೇನ?"

"ಹೌದು, ಹಂಗ ಅನ್ಕೋ," ಅಂದು ನಾನೇ ಬಕಲ್ ಹಾಕಿದೆ. ಹೆಂಗಸರು ಮುಸಿಮುಸಿ ನಕ್ಕರು.

ನಡು ಹೊಳೆ ತಲುಪಿದೆವು. ಯಾರೋ ಉಡಿ ಬಿಡೋಣ ಅಂದರು. ಅಷ್ಟೇ, ಎಲ್ಲರೂ ಒಮ್ಮೆಗೇ ಎದ್ದು ಪೂರ್ವದ ಕಡೆಗೆ, ಅಂದರೆ ಬಲಗಡೆಗೆ, ನುಗ್ಗಿದರು. ಬೋಟು ವಾಲಿತು. ನೀರು ಅಂಚಿನ ತನಕ ಬಂದು ಒಂದು ಗುಟುಕು ಒಳಗೂ ಚೆಲ್ಲಿತು. ಎಲ್ಲರಿಗಿಂತ ಮುಂದೆ ಬಾಗಿದ್ದವಳು ಅವ್ವ.

ನಾನು ಗೇರನ್ನು ನ್ಯೂಟ್ರಲ್ ಮಾಡಿ ಕಿರುಚಿದೆ. "ಕುಂದರ್ರಿ ಎಲ್ಲಾರೂ! ಅವ್ವಾ, ಕುಂದರ ನೀ!"

ಅವ್ವನಿಗೆ ಹುಟ್ಟಿದಾರಭ್ಯ ನಾನು ಹಾಗೆ ಅಂದಿರಲಿಲ್ಲ. ಹಾಲಿನವಳ ಗಂಟಲೇ ನನಗೂ ಬಂದಿದೆ ಎಂದು ಆ ದಿನ ತಿಳಿಯಿತು. ಎಲ್ಲರೂ ಇದ್ದಲ್ಲೇ ಕುಕ್ಕರಿಸಿದರು. ಬೋಟು ತೂಗಿ ತೂಗಿ ಸಮನಾಯಿತು. ಅವ್ವನ ಕಣ್ಣಲ್ಲಿ ನೀರಿತ್ತು, ಸಿಟ್ಟಿನದೋ ಅಂಜಿಕೆಯದೋ.

ಉಡಿ ಬೇಡ ಅನ್ನಲು ನನಗೆ ಮನಸ್ಸಿರಲಿಲ್ಲ. ಒಬ್ಬೊಬ್ಬರನ್ನಾಗಿ ಎರಡೂ ಬದಿಗೆ ಸಮ ಕೂರಿಸಿದೆ. ಬೋಟಿನ ಮುಖವನ್ನು ಹರಿವಿನ ಎದುರಿಗೆ ತಿರುಗಿಸಿ, ಬಲೆ ಪೈಪುಗಳಿಂದ ದೂರ ಬಂದು, ಯಂತ್ರ ಬಂದ್ ಮಾಡಿದೆ. ಉಡಿಯ ಬಟ್ಟೆ ಯಂತ್ರದ ಕೆಳಗೆ ನೀರಿನಲ್ಲಿ ತಿರುಗುವ ಪಂಖಕ್ಕೆ ಸುತ್ತಿದರೆ ಬೋಟು ಅಲ್ಲೇ ಸತ್ತಂತೆ. ದೊಡ್ಡಮ್ಮನ ಬುಟ್ಟಿಯನ್ನು ಸೀಟಿನಿಂದ ಸೀಟಿಗೆ ಕಳಿಸಿದೆ. ಕೂತಲ್ಲೇ ಎಲ್ಲರೂ ಅದರೊಳಗೆ ತಮ್ಮ ತಮ್ಮ ಖಣ, ಹೂವು ಇಟ್ಟು ಕೈ ಮುಗಿದರು. ಕೊನೆಗೆ ಅದು ಅವ್ವನ ಕೈಗೆ ಬಂತು.

"ಕುಂತ ಬಿಡವ್ವಾ," ಅಂದೆ, ಈ ಸಲ ಮೆತ್ತಗೆ.

ಅವ್ವ ಕೂತೇ ಕೈ ಚಾಚಿ ಬುಟ್ಟಿಯನ್ನು ನೀರಿಗಿಟ್ಟಳು. ಅದು ತೇಲಿಕೊಂಡು ಹೋಗುವಾಗ ದೊಡ್ಡಮ್ಮ ಸೋಬಾನೆ ಶುರು ಮಾಡಿದಳು. ಎಲ್ಲರೂ ಸೊಲ್ಲಿಗೆ ಸೊಲ್ಲು ಕೂಡಿಸಿದರು.

ಹರಿವಿಗೆ ಎದುರಾಗಿ ಬಂದು ದಂಡೆಗೆ ಹಚ್ಚಿದೆ. ಅವ್ವ ಇಳಿದವಳೇ ಸುಭೇದಾರರ ಎದುರು ನಿಂತಳು. "ನೋಡ್ರಿ ಸಾಹೇಬ್ರ, ಇಷ್ಟ ಮಂದ್ಯಾಗ ನನ್ನ ಮಗಳು ನನಗ ಗದರಿಸಿದ್ಲು!"

"ಹೌದ್ರಿ ತಾಯಿ. ಗದರಿಸದಿದ್ರ ನಪಾಸ್ ಮಾಡತಿದ್ದೆ." ಆಮೇಲೆ ಚೇರಮನ್ನರ ಕಡೆ ತಿರುಗಿ, "ನಿಮ್ಮ ಕೌಂಟರಿಗೆ ಬ್ಯಾರೆಯವರನ್ನ ನೋಡ್ಕೋರಿ," ಅಂದರು.

ಅವ್ವ ಆ ದಿನದಿಂದ ಈ ಕಥೆಯನ್ನು ಹಾಲು ಹಾಕುವ ಮನೆಮನೆಯಲ್ಲೂ ಹೇಳಿದಳು. ಹೇಳಿದಂತೆಲ್ಲ ನನ್ನ ಕಿರುಚು ದೊಡ್ಡದಾಗುತ್ತ ಹೋಯಿತು. ಈಗ ಅದು ಆಚೆ ದಂಡೆಗೆ ಕೇಳಿಸಿತ್ತಂತೆ.

ಸುಭೇದಾರರು ತೀರಿಕೊಂಡು ಒಂದು ಚಳಿಗಾಲ ಕಳೆಯಿತು. ನಿದ್ದೆಯಲ್ಲೇ ಹೋದರು ಎಂದು ಅವರ ಮನೆಯವರು ಹೇಳಿದರು. ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಹಿಂದಿನ ಶ್ರಾವಣದಲ್ಲಿ. ಹೆಂಡತಿ, ಮೊಮ್ಮಕ್ಕಳನ್ನು ಕಟ್ಟಿಕೊಂಡು, ನನ್ನ ಬೋಟಿನಲ್ಲಿ ಕೂರಲೆಂದೇ ಅಷ್ಟು ದೂರದಿಂದ ಬಂದಿದ್ದರು. ಆ ದಿನ ಹೊಳೆ ಕೆಂಪಾಗಿತ್ತು. ನೊರೆ, ಕಸಕಡ್ಡಿ ತೇಲಿ ಬರುತ್ತಿದ್ದವು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿಯಿತ್ತು, ದಂಡೆಯ ಕಲ್ಲುಗಳು ಕಣ್ಣೆದುರೇ ಒಂದೊಂದಾಗಿ ಮುಳುಗುತ್ತಿದ್ದವು.

"ಇವತ್ತ ಬೋಟು ಇಲ್ರಿ," ಅಂದೆ.

"ಒಂದ ರೌಂಡ್. ದಂಡಿ ಹಿಡಕೊಂಡ ಹೋಗೂನು."

"ಇಲ್ರಿ ಸರ."

"ನಾನ ಕಲಿಸಿದಾಕಿ ನನಗ ಇಲ್ಲ ಅಂತೀ? ನಾ ಎಂಥೆಂಥಾ ಮಹಾಪೂರದಾಗ ಬೋಟ್ ಹೊಡದೇನಿ, ಗೊತ್ತೈತೇನ?"

ಮತ್ತೆ ಪರೀಕ್ಷೆ ಮಾಡುತ್ತಿದ್ದಾರೆಂದು ಒಂದು ಕ್ಷಣ ಅನಿಸಿತು. ಅಲ್ಲ. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು, ಮೊಮ್ಮಕ್ಕಳು ಅಳುತ್ತಿದ್ದವು. ಆದರೂ ನಾನು ಬೋಟಿನ ಹಗ್ಗ ಬಿಚ್ಚಲಿಲ್ಲ. ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಗತೊಡಗಿದರು. "ಅಹೋ, ಇದೆಲ್ಲಾ ನೀವ ಕಲಿಸಿದ್ದು. ಈಗ ಅನುಭವಿಸ್ರಿ."

ದಂಡೆಯ ಮೇಲೆಯೇ ಬುತ್ತಿ ಬಿಚ್ಚಿದರು. ನನ್ನನ್ನೂ ಕೂರಿಸಿಕೊಂಡು ಭಾಕ್ರಿ, ಝುಣಕ ಬಡಿಸಿದವರು ಆ ತಾಯಿ. ಸುಭೇದಾರರು ಹಸಿಮೆಣಸಿನಕಾಯಿಯನ್ನು ನನ್ನ ಕಡೆ ಸರಿಸಿದರು.

ಡಿಗ್ರಿ ನನಗೆ ಕಾಲೇಜು ಕೊಟ್ಟಿತು. ನನ್ನವರಿಗೆ, ಅವರು ನನ್ನವರಾದ ಕಾರಣಕ್ಕೇ, ಇಲ್ಲ ಅನ್ನುವ ಧೈರ್ಯ ಕೊಟ್ಟವರು ಸುಭೇದಾರರು. ನನ್ನ ಬೋಟು ಹತ್ತಿದ ಒಬ್ಬರೂ ಇವತ್ತಿನವರೆಗೆ ಮನೆಗೆ ಮರಳದೆ ಉಳಿದಿಲ್ಲ. ಆ ಲೆಕ್ಕವೆಲ್ಲ ಅವರ ಹೆಸರಿಗೇ ಸೇರಬೇಕು.

ಆ ಶ್ರಾವಣದ ದಿನ ಸಂಜೆ, ತಮ್ಮ ಊರು ಮುಟ್ಟಿದ ಮೇಲೆ, ಸುಭೇದಾರರು ಫೋನು ಮಾಡಿದರು. ಕುಶಲ ಕೇಳಲಿಲ್ಲ.

"ಹೊಳಿ ಇಳೀತೇನ?"

"ಇಲ್ರಿ ಸರ, ಇನ್ನಾ ಏರಾಕತ್ತೈತಿ."

"ಇಳಿಯೂತನಕ ಯಾರಿಗೂ ಬೋಟು ಬಿಡಬ್ಯಾಡ." ಆಮೇಲೆ, "ನಾ ಮತ್ತ ಬಂದು ಜಗಳಾ ತಗದ್ರೂ ಬಿಡಬ್ಯಾಡ," ಅಂದರು.