ಅಪೊಲೊನಿಯಾಳ ಮೇಜಿನ ಮೇಲೆ ಆರು ತಟ್ಟೆ

ನನ್ನ ಗಂಡ ಸೆವೆರಿನ್‌ನಷ್ಟು ಚೆನ್ನಾಗಿ ಬೂಟು ಹೊಲಿಯುವವನು ರಾದೊಮ್ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಹೆಂಡತಿ ಅಂತ ಹೊಗಳುತ್ತಿಲ್ಲ. ಅವನ ಮುಖ ನೋಡಲು ಮನಸ್ಸಿಲ್ಲದ ದಿನಗಳಲ್ಲೂ ಅವನು ಹೊಲಿದ ಬೂಟನ್ನೇ ಮೆಟ್ಟಿಕೊಂಡು ಓಡಾಡಿದ್ದೇನೆ. ಜರ್ಮನರು ಊರಿನಲ್ಲಿದ್ದ ವರ್ಷಗಳಲ್ಲಿ ಅವನು ಅವರ ವಿರುದ್ಧ ಗುಟ್ಟಾಗಿ ಹೋರಾಡುವ ಪಡೆ ಸೇರಿದ್ದ. ಬೂಟಿನ ಹಿಮ್ಮಡಿ ಕೊರೆದು, ಒಳಗೆ ಚೀಟಿ ತುರುಕಿ, ಮೇಲೆ ಮೊಳೆ ಹೊಡೆದು ಕಾಡಿನಲ್ಲಿದ್ದವರಿಗೆ ಕಳಿಸುತ್ತಿದ್ದನಂತೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಬೇರೆಯವರ ಬಾಯಿಂದ. ೧೯೪೬ರಲ್ಲಿ ಮದುವೆಯಾದಾಗ "ಯುದ್ಧದಲ್ಲಿ ಏನು ಮಾಡ್ತಿದ್ದೆ?" ಎಂದು ಕೇಳಿದ್ದೆ. "ಒಳ್ಳೆ ಚರ್ಮ ಸಿಗ್ತಾ ಇರ್ಲಿಲ್ಲ" ಎಂದಿದ್ದ. ಅಷ್ಟೇ.

ಜರ್ಮನರು ಹೋದ ಮೇಲೆ ಕಮ್ಯುನಿಸ್ಟರು ಬಂದರು. ಅವರ ಕಣ್ಣಿಗೆ ಆ ಪಡೆಯವರೆಲ್ಲ ಡಕಾಯಿತರು. ಬಂದು ಹೆಸರು ಬರೆಸಿ, ಕ್ಷಮಿಸುತ್ತೇವೆ ಎಂದು ಸಾರಿದರು. ಬರೆಸಿದವರಲ್ಲಿ ಎಷ್ಟೋ ಜನರನ್ನು ಆಮೇಲೆ ಮನೆಯಿಂದ ಎಳೆದುಕೊಂಡು ಹೋದರು. ಸೆವೆರಿನ್ ಬರೆಸಲೇ ಇಲ್ಲ. ಬೂಟು ಹೊಲಿಯುವವನಾಗಿ ತನ್ನ ಪಾಡಿಗೆ ತಾನು ಕೂತಿದ್ದ.

ನಮ್ಮಲ್ಲಿ ಹುಟ್ಟಿದ ದಿನಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಹೆಸರಿನ ಸಂತನ ದಿನವೇ ನಮ್ಮ ಹಬ್ಬ. ಆ ದಿನ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಮೇಜಿನ ಮೇಲೆ ತಿಂಡಿಯಿಟ್ಟು ಕೂತರೆ ಬೇಕಾದವರು ತಾವೇ ಬರುತ್ತಾರೆ. ಸೆವೆರಿನ್‌ನ ದಿನ ಅಕ್ಟೋಬರಿನಲ್ಲಿ. ಹೀಗಿರುವಾಗ ೧೯೪೭ರ ಏಪ್ರಿಲ್ ಹದಿನಾಲ್ಕರಂದು ನಾನು ಬಟ್ಟೆ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗ, ಅರೆ ತೆರೆದ ನಮ್ಮ ಬಾಗಿಲಿನಿಂದ ಒಬ್ಬ ಹೆಂಗಸಿನ ನಗು ಕೇಳಿಸಿತು.

"ನೂರು ವರ್ಷ ಬಾಳು, ವಲೇರ್ಯಾನ್! ಗಸಗಸೆ ಕೇಕು ತಂದಿದೀನಿ. ಸಕ್ಕರೆ ಕಮ್ಮಿ, ಬೈಬೇಡ."

"ನಿನಗೆ ತಲೆ ಕೆಟ್ಟಿದ್ಯಾ? ಆ ಹೆಸರು ಯಾಕೆ ಎತ್ತೀಯ?" ಎಂದ ನನ್ನ ಗಂಡ. ಬೈಗುಳವೇ, ಆದರೆ ಎಂಥ ದನಿಯಲ್ಲಿ! ನನ್ನ ಹತ್ತಿರ ಒಮ್ಮೆಯೂ ಅಷ್ಟು ಸಲಿಗೆಯಿಂದ ಬೈದವನಲ್ಲ.

"ಒಂದೂವರೆ ವರ್ಷ ನನ್ನ ಹಿಂದಿನ ಕೋಣೇಲಿ ಅದೇ ಹೆಸರಲ್ಲಿ ಗೊರಕೆ ಹೊಡೆದಿದೀಯ. ಅವನ ಹಬ್ಬ ಮಾಡ್ದೆ ಬಿಡೋಕಾಗತ್ತಾ?"

ಬುಟ್ಟಿಯನ್ನು ಅಲ್ಲೇ ಇಟ್ಟು ನಾನು ಮೇಲಿನ ಮಹಡಿಯ ತಿರುವಿಗೆ ಹತ್ತಿ ಅಡಗಿ ನಿಂತೆ. ಆಕೆ ಹೊರಗೆ ಬಂದು ಇಳಿದು ಹೋದಳು. ಉದ್ದನೆಯ ಮೂಗು, ಬೂದು ಕೋಟು, ನನಗಿಂತ ಆರೇಳು ವರ್ಷ ದೊಡ್ಡವಳು. ಚೆಲುವೆಯಾಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ. ಒಳಗೆ ಹೋಗಿ "ಕೇಕು ಯಾರು ಕೊಟ್ಟಿದ್ದು?" ಎಂದೆ. "ಗಿರಾಕಿ, ಅಪೊಲೊನಿಯಾ ಅಂತ. ಆಸ್ಪತ್ರೆ ನರ್ಸು" ಎಂದ. ವಲೇರ್ಯಾನ್ ಯಾರೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನಾನು ಕೇಳಿಸಿಕೊಂಡಿದ್ದೇನೆ ಎನ್ನುವುದೇ ಅವನಿಗೆ ಗೊತ್ತಿಲ್ಲ. ಕೇಕನ್ನು ತಿಂದೆ. ಚೆನ್ನಾಗಿತ್ತು, ಅದಕ್ಕೂ ಹೊಟ್ಟೆ ಉರಿಯಿತು.

ಸುಳ್ಳು ಕಾಗದದ ಮೇಲಿನ ಹೆಸರು ಅದು, ಅಷ್ಟು ಊಹಿಸಲಾರದ ದಡ್ಡಿ ನಾನಲ್ಲ. ಯುದ್ಧದಲ್ಲಿ ಅರ್ಧ ಊರು ಸುಳ್ಳು ಹೆಸರಿನಲ್ಲಿ ಬದುಕಿತ್ತು. ಗೊತ್ತಿಲ್ಲದವರು ಬಾಯಿ ಬಿಡಲಾರರು, ಅದಕ್ಕೇ ಹೆಂಡತಿಗೂ ಹೇಳಬಾರದು ಎನ್ನುವುದು ಗುಟ್ಟಿನ ಪಡೆಯವರ ಕಟ್ಟಳೆ. ಅದೂ ಸರಿಯೇ. ಆದರೆ ನನ್ನ ಜೊತೆ ಒಂದೇ ಹೊದಿಕೆಯಲ್ಲಿ ಮಲಗುವವನ ಇನ್ನೊಂದು ಬದುಕು ಪೂರ್ತಿ ಅವಳ ಹತ್ತಿರ ಇದೆ, ನನಗೆ ಅದರ ಒಂದು ಚೂರೂ ಇಲ್ಲ ಎಂದರೆ ಹೇಗೆ ಸಹಿಸಲಿ? ಅವರಿಬ್ಬರು ಹಾಸಿಗೆ ಹಂಚಿಕೊಂಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ನಾನು ಕೆಲಸಕ್ಕಿದ್ದದ್ದು ಒಗೆದ ದುಪ್ಪಟಿಗಳನ್ನು ಮರದ ಉರುಳೆಗಳ ಕೆಳಗೆ ಹಾಯಿಸಿ ನಯ ಮಾಡಿಕೊಡುವ ಅಂಗಡಿಯಲ್ಲಿ. ಉರುಳೆಗೆ ಕೊಡುವ ಮುಂಚೆ ಇಬ್ಬರು ಹೆಂಗಸರು ಎದುರುಬದುರು ನಿಂತು ದುಪ್ಪಟಿಯ ತುದಿಗಳನ್ನು ಹಿಡಿದು ಜಗ್ಗಬೇಕು. ಹಾಗೆ ಜಗ್ಗುತ್ತ ನಿಂತರೆ ಹೊಟ್ಟೆಯಲ್ಲಿಟ್ಟುಕೊಂಡ ಮಾತೆಲ್ಲ ಬಾಯಿಗೆ ಬರುತ್ತದೆ. ಆ ಬೀದಿಯಲ್ಲಿ ಯಾರ ಮಗಳು ಯಾರ ಜೊತೆ ಹೋದಳು ಎನ್ನುವುದು ಮೊದಲು ತಿಳಿಯುತ್ತಿದ್ದದ್ದು ನಮ್ಮಲ್ಲಿ. ಮರುವರ್ಷವೂ ಅದೇ ಏಪ್ರಿಲ್ ಹದಿನಾಲ್ಕಕ್ಕೆ ಅದೇ ಕೇಕು ನಮ್ಮ ಮೇಜಿನ ಮೇಲೆ ಕಾಣಿಸಿಕೊಂಡಿತು. ಮಾರನೆಯ ದಿನ ನನ್ನೆದುರು ದುಪ್ಪಟಿ ಹಿಡಿದವಳು ಪೆಲಾಗ್ಯಾ, ನಮ್ಮ ಕಟ್ಟಡದ ಕಾವಲುಗಾರನ ಹೆಂಡತಿ. ಯಾರ ಮನೆಯಲ್ಲಿ ಏನು ನಡೆಯಿತೆಂದು ಕಾವಲುಗಾರರು ಪೊಲೀಸರಿಗೆ ಒಪ್ಪಿಸಬೇಕಿದ್ದ ಕಾಲ ಅದು.

"ಏನೇ ಗೇನ್ಯಾ, ಮುಖ ಯಾಕೆ ಊದಿಸ್ಕೊಂಡಿದೀಯ? ಗಂಡ ಹೊಡೆದ್ನಾ?"

"ಹೊಡೆದಿದ್ರೆ ಚೆನ್ನಾಗಿತ್ತು. ನಮ್ಮನೆ ಸಾಹೇಬ್ರಿಗೆ ವರ್ಷಕ್ಕೆರಡು ಹಬ್ಬ ಕಣೆ. ಅಕ್ಟೋಬರಲ್ಲಿ ನನಗೆ ಸೆವೆರಿನ್, ಏಪ್ರಿಲಲ್ಲಿ ಇನ್ಯಾವಳಿಗೋ ವಲೇರ್ಯಾನ್!"

ಸಾಲಿನಲ್ಲಿ ನಿಂತಿದ್ದ ಐದಾರು ಜನ ಗೊಳ್ಳೆಂದು ನಕ್ಕರು. "ಎರಡು ಹೆಸರಿನವನಾ! ಹಾಗಾದ್ರೆ ಎರಡು ಸಂಬಳ ತರೋಕೆ ಹೇಳು" ಎಂದಳು ಒಬ್ಬಳು. ನಾನೂ ನಕ್ಕೆ. ಎದೆ ಹಗುರವಾಯಿತು.

ಹದಿನೈದು ದಿನಕ್ಕೆ ಗುಪ್ತ ಪೊಲೀಸರು ಬಂದರು. ಬೆಳಗಿನ ಹಾಲು ಕಾಯಿಸುವ ಹೊತ್ತು. ಮೂವರಲ್ಲಿ ಹಿರಿಯನಾದವನು ಟೋಪಿ ತೆಗೆದು, "ವಲೇರ್ಯಾನ್ ಅವ್ರಿಗೆ ಹೆಸರಿನ ದಿನದ ಶುಭಾಶಯ. ಸ್ವಲ್ಪ ತಡ ಆಯ್ತು, ಮನ್ನಿಸ್ಬೇಕು" ಎಂದ. ಆ ಹೆಸರಿನವನನ್ನು ಮೂರು ವರ್ಷದಿಂದ ಹುಡುಕುತ್ತಿದ್ದರಂತೆ. ಸೆವೆರಿನ್ ನನ್ನ ಕಡೆ ನೋಡಿದ. ಆ ನೋಟದಲ್ಲಿ ಅನುಮಾನವಿರಲಿಲ್ಲ. ನಿನಗೇನೂ ಗೊತ್ತಿಲ್ಲವಲ್ಲ, ಸದ್ಯ ನೀನು ಬಚಾವು ಎನ್ನುವ ನೋಟ.

ಹತ್ತು ವರ್ಷ ಶಿಕ್ಷೆಯಾಯಿತು. ಪಡೆಯಲ್ಲಿ ಅವನ ಜೊತೆಯವನಾಗಿದ್ದ ಬೀಗ ರಿಪೇರಿಯ ತೊಬಿಯಾಶ್ ಒಂದು ದಿನ ಅಂಗಡಿಗೆ ಬಂದ.

"ಗೇನ್ಯಾ, ನಿಜ ಹೇಳು. ವಲೇರ್ಯಾನ್ ಅನ್ನೋ ಹೆಸರು ನೀನು ಮೊದಲೇ ಕೇಳಿದ್ಯಾ?"

"ಅವತ್ತು ಪೊಲೀಸ್ರ ಬಾಯಲ್ಲೇ ಮೊದಲು ಕೇಳಿದ್ದು" ಎಂದೆ.

ಅವನು ತಲೆ ಕೆರೆದುಕೊಂಡ. "ಹಾಗಾದ್ರೆ ಆ ಹೆಸರು ಯಾರದು ಅಂತ ಮೊದಲಿಂದ ಗೊತ್ತಿದ್ದೋರಲ್ಲಿ ಬದುಕಿರೋಳು ಅಪೊಲೊನಿಯಾ ಒಬ್ಬಳೇ. ಅವಳನ್ನ ಅವ್ರು ಹಿಡಿದೂ ಇಲ್ಲ" ಎಂದ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೆದರಿಕೆ ಇತ್ತು, ಅದು ನಿಜ. ಆದರೆ ಹೆದರಿಕೆಯ ಜೊತೆಗೆ ತಣ್ಣನೆಯ ಒಂದು ಸುಖವೂ ಆಯಿತು. ಅದನ್ನು ಮುಚ್ಚಿಟ್ಟು ಹೇಳಿದರೆ ಈ ಕಥೆ ಹೇಳಿಯೂ ಪ್ರಯೋಜನವಿಲ್ಲ.

ಆಮೇಲೆ ಪಡೆಯ ಹಳಬರು ಯಾರೂ ಅಪೊಲೊನಿಯಾಳ ಕಡೆ ತಿರುಗಿ ನೋಡಲಿಲ್ಲ. ಎದುರಿಗೆ ಬಂದರೆ ರಸ್ತೆ ದಾಟುತ್ತಿದ್ದರು. ನಾನು ತಿಂಗಳಿಗೊಮ್ಮೆ ಹಂದಿ ಕೊಬ್ಬು, ಈರುಳ್ಳಿ, ತಂಬಾಕು ಕಟ್ಟಿಕೊಂಡು ಜೈಲಿನ ಬಾಗಿಲಿಗೆ ಹೋಗುತ್ತಿದ್ದೆ. ಒಂದು ಸಲ ಅವಳು ಅಲ್ಲಿ ಉಣ್ಣೆಯ ಕಾಲುಚೀಲ ಹಿಡಿದು ನಿಂತಿದ್ದಳು. "ಇದನ್ನೂ ಸೇರಿಸಿ ಕೊಡು" ಎಂದಳು. ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ "ಹಿಡಿದುಕೊಟ್ಟೋಳ ಕಾಲುಚೀಲ ನನ್ನ ಗಂಡನಿಗೆ ಬೇಡ" ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, ಕಾಲುಚೀಲವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೋದಳು.

೧೯೫೬ರ ಮೇ ತಿಂಗಳಲ್ಲಿ ಕ್ಷಮಾದಾನ ಸಿಕ್ಕಿ ಕೈದಿಗಳ ಬಿಡುಗಡೆಯಾಯಿತು, ಅವನೂ ಬಂದ. ಮುಂದಿನ ಹಲ್ಲುಗಳಿರಲಿಲ್ಲ. ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. ಜೈಲಿಗೆ ಹೋಗಿ ಬಂದವನಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡಲಿಲ್ಲ. ಸಹಕಾರಿ ಅಂಗಡಿಯ ಮೂಲೆಯಲ್ಲಿ ಹಳೆಯ ಬೂಟುಗಳಿಗೆ ಹಿಮ್ಮಡಿ ಬಡಿಯಲು ಕೂರಿಸಿದರು. ಅಂಥ ಕೈಯವನಿಗೆ! ನಾನು ಬಾರ್ಲಿ ಗಂಜಿಯಿಂದ ಶುರುಮಾಡಿ ಮಾಂಸದ ಸಾರಿನವರೆಗೆ ಮಗುವಿಗೆ ತಿನ್ನಿಸಿದ ಹಾಗೆ ತಿನ್ನಿಸಿ ಅವನನ್ನು ಮನುಷ್ಯನನ್ನಾಗಿ ಮಾಡಿದೆ. ಒಂದು ದಿನ ತಾನಾಗಿಯೇ ಹೇಳಿದ: "ಎಷ್ಟು ಬಡಿದ್ರೂ ಅಪೊಲೊನಿಯಾ ಹೆಸರು ನಾನು ಹೇಳ್ಲಿಲ್ಲ ಗೇನ್ಯಾ. ಅವ್ರು ನಕ್ಕರು. ನಿನ್ನ ಗೆಳತೀನೇ ನಮಗೆ ಹೇಳಿದ್ದು ಕಣೋ ಅಂದ್ರು." ನಾನು ಅವನ ತಲೆ ಸವರಿದೆ. ಈಗ ಅವನು ಪೂರ್ತಿ ನನ್ನವನು ಎಂದುಕೊಂಡೆ.

ಎಲ್ಲಿಯ ಪೂರ್ತಿ! ಮರುವರ್ಷ ಫೆಬ್ರುವರಿ ಒಂಬತ್ತರ ಮಧ್ಯಾಹ್ನ, ಊಟದ ಮುಂದೆ ಕೂತವನು ಚಮಚ ಕೆಳಗಿಟ್ಟು "ಇವತ್ತು ಅಪೊಲೊನಿಯಾ ದಿನ" ಎಂದ. ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ತನ್ನನ್ನು ಜೈಲಿಗೆ ಕಳಿಸಿದವಳೆಂದು ನಂಬಿಯೂ ಅವಳ ದಿನವನ್ನು ಎಣಿಸುತ್ತಾನೆ! ನನ್ನ ಮೈಯೆಲ್ಲ ಉರಿದುಹೋಯಿತು. ಅವಳ ಖಾಲಿ ಮನೆಯನ್ನು ಕಣ್ಣಾರೆ ನೋಡಿ ಬರಬೇಕು, ಆಗಲೇ ಈ ಉರಿ ತಣಿಯುವುದು ಅನ್ನಿಸಿತು. ಬರಿಗೈಲಿ ಹೋಗುವಂತಿಲ್ಲ, ಒಂದು ಜಾಡಿ ಪ್ಲಮ್ ಜಾಮ್ ಹಿಡಿದು ಹೊರಟೆ.

ಬಾಗಿಲು ತೆರೆದೇ ಇತ್ತು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿದ ಮೇಜು, ಆರು ತಟ್ಟೆ, ಈರುಳ್ಳಿ ಹಾಕಿದ ಹೆರಿಂಗ್ ಮೀನು, ಬೀಟ್‌ರೂಟ್, ಸೀಸೆಯಲ್ಲಿ ವೋಡ್ಕಾ. ಯಾರೂ ಮುಟ್ಟಿರಲಿಲ್ಲ. ಕಪ್ಪು ಉಡುಪು ಹಾಕಿಕೊಂಡು ಅವಳೊಬ್ಬಳೇ ಕೂತಿದ್ದಳು.

"ಬಾ ಗೇನ್ಯಾ. ಒಂಬತ್ತು ವರ್ಷದಲ್ಲಿ ನೀನೇ ಮೊದಲು ಬಂದೋಳು."

"ಯಾರೂ ಬರಲ್ಲ ಅಂತ ಗೊತ್ತಿದ್ದೂ ಯಾಕೆ ತಟ್ಟೆ ಇಡ್ತೀರಿ?"

"ಇಡ್ದೆ ಇದ್ರೆ ನಾನೇ ತಪ್ಪು ಮಾಡಿದೀನಿ ಅಂತ ಒಪ್ಕೊಂಡ ಹಾಗಾಗಲ್ವಾ? ಮಾಡಿದ್ದು ನೀನು" ಎಂದಳು. ದನಿ ಏರಿಸಲಿಲ್ಲ. "ಅವತ್ತು ಮೆಟ್ಟಿಲ ಮೇಲೆ ನಿನ್ನ ಬಟ್ಟೆ ಬುಟ್ಟಿ ನೋಡಿದ್ದೆ. ನೀನು ಕೇಳಿಸ್ಕೊಂಡಿದೀಯ ಅಂತ ಆಗ್ಲೇ ಗೊತ್ತಾಯ್ತು. ಆದ್ರೂ ಮಾರನೇ ವರ್ಷ ಮತ್ತೆ ಹೋದೆ ನೋಡು, ಅದು ನನ್ನ ಕೊಬ್ಬು."

"ಮತ್ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ಅವನು ಜೈಲಿಂದ ಯಾರ ಮನೆಗೆ ಬರ್ಬೇಕಾಗಿತ್ತು? ಮನೇಲಿ ಹೆಂಡತಿ ಕಾಯ್ತಿದಾಳೆ ಅಂತ ತಾನೇ ಒಳಗೆ ಬದುಕಿದ್ದು."

"ನೀವು ಅವನನ್ನ ಪ್ರೀತಿಸ್ತಿದ್ರಾ?"

"ಪ್ರೀತಿಸಿದ್ರೆ ನಾನು ಅವನನ್ನ ನಿನ್ನಂಥೋಳಿಗೆ ಬಿಟ್ಟುಕೊಡ್ತಿದ್ನಾ?" ಎಂದು ನಕ್ಕಳು. ಆ ನಗುವಿನಿಂದ ನನಗೇನೂ ತಿಳಿಯಲಿಲ್ಲ.

ಜಾಡಿಯನ್ನು ಅಲ್ಲೇ ಇಟ್ಟು ಓಡುತ್ತ ಮನೆಗೆ ಬಂದೆ. ಪಶ್ಚಾತ್ತಾಪದಿಂದ ಹೇಳಿಬಿಟ್ಟೆ ಎಂದರೆ ಕೇಳುವವರಿಗೆ ಹಿತವಾಗಬಹುದು. ಅದು ಸುಳ್ಳು. ಇಷ್ಟು ವರ್ಷ ಅವನಿಗಾಗಿ ಕಷ್ಟಪಟ್ಟವಳು ನಾನೊಬ್ಬಳೇ ಎಂದು ಬೀಗಿದ್ದೆ. ಅವಳು ಒಂದು ಮಾತೂ ಆಡದೆ ನನ್ನನ್ನು ಮೀರಿಸಿಬಿಟ್ಟಿದ್ದಳು. ಆ ದೊಡ್ಡತನ ಅವಳ ಹತ್ತಿರವೇ ಉಳಿಯುವುದನ್ನು ನಾನು ತಾಳಲಾರದೆ ಹೋದೆ. ಸೆವೆರಿನ್‌ನನ್ನು ಎಬ್ಬಿಸಿ ಕೂರಿಸಿ ಮೆಟ್ಟಿಲು, ದುಪ್ಪಟಿ, ಪೆಲಾಗ್ಯಾ, ತೊಬಿಯಾಶ್‌ಗೆ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ.

ಅವನು ಕೈಯೆತ್ತಲಿಲ್ಲ, ಕೂಗಾಡಲಿಲ್ಲ. ಎದ್ದು ಬೂಟು ಹಾಕಿಕೊಂಡ. ಆಮೇಲೆ, "ಅವಳ ಮನೇಲಿ ಯಾರಿದ್ರು?" ಎಂದು ಕೇಳಿದ.

"ಯಾರೂ ಇಲ್ಲ."

"ಕೋಟು ಹಾಕ್ಕೋ."

ಹಿಮದಲ್ಲಿ ಮೂರು ಮನೆಗೆ ಕರೆದುಕೊಂಡು ಹೋದ. ಮೊದಲು ತೊಬಿಯಾಶ್, ಆಮೇಲೆ ಪಡೆಯ ಇನ್ನಿಬ್ಬರು. ಪ್ರತಿ ಬಾಗಿಲಲ್ಲೂ "ಹೇಳು" ಎಂದಷ್ಟೇ ಅಂದ. "ಹೆಸರು ಹೊರಗೆ ಹಾಕಿದ್ದು ನಾನು, ಅಪೊಲೊನಿಯಾ ಅಲ್ಲ" ಎಂದು ಮೂರು ಸಲ ಹೇಳಿದೆ. ತೊಬಿಯಾಶ್ ನೆಲಕ್ಕೆ ಉಗಿದ. ಕೊನೆಯ ಮನೆಯವನು ಒಳಗೆ ಹೋಗಿ ಟೈ ಕಟ್ಟಿಕೊಂಡು ಬಂದ. ಅಡ್ಡರಸ್ತೆಯಲ್ಲಿ ನನ್ನನ್ನು ಬಿಟ್ಟು ನಾಲ್ಕು ಗಂಡಸರೂ ಅವಳ ಮನೆಯ ಕಡೆ ತಿರುಗಿದರು.

ಅವನು ಮರಳುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅವನ ಎರಡು ಅಂಗಿ, ಕ್ಷೌರದ ಕತ್ತಿ ಮಡಿಸಿ ಗಂಟು ಕಟ್ಟಿ ಮೇಜಿನ ಮೇಲೆ ಇಟ್ಟೆ. ಏಳು ಗಂಟೆಗೆ ಬಾಗಿಲು ತೆರೆಯಿತು. ಅವನು ಬೂಟು ಕಳಚಿ, ಗಂಟನ್ನು ಪಕ್ಕಕ್ಕೆ ಸರಿಸಿ, ಊಟಕ್ಕೆ ಕೂತ.

"ಬಂದ್ಯಾ?" ಎಂದೆ.

"ನಾನಾಗಿ ಬರ್ತಿರ್ಲಿಲ್ಲ" ಎಂದ. "ಮನೆಗೆ ಹೋಗು, ಗೇನ್ಯಾ ಒಬ್ಬಳೇ ಇರ್ತಾಳೆ ಅಂತ ಅವಳೇ ಕಳಿಸಿದ್ಳು."

ಸಾರು ಬಡಿಸಿದೆ. ಆಮೇಲೆ ಹತ್ತೊಂಬತ್ತು ವರ್ಷ ಅವನ ಜೊತೆ ಬಾಳಿದೆ. ಅವನು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಾನು ಆ ಹೆಂಗಸನ್ನು ಇವತ್ತಿಗೂ ಕ್ಷಮಿಸಿಲ್ಲ.